ಮದುವೆ ಮಂಟಪಕ್ಕೆ ದಾವೀದನ ಕಿನ್ನರಿ



ಪಾಸ್ಕ ಹಬ್ಬ ಕಳೆದು ಮದುವೆಗಳ ಓಡಾಟ ಶುರುವಾದ ದಿನಗಳು. ಒಂದು ಸಂಜೆ ನಮ್ಮ ಭಾಗದ ಕುಟುಂಬವೊಂದು ಗುರುನಿವಾಸಕ್ಕೆ ಬಂತು. ಮದುಮಗಳಿಗೆ ಒಂದು ಆಸೆ. ತಾನು ಚರ್ಚಿನೊಳಗೆ ನಡೆದು ಬರುವಾಗ ಪೀಠದ ಪಕ್ಕದಲ್ಲಿ ಯಾರಾದರೂ ಕುಳಿತು ಹಾರ್ಪ್ ನುಡಿಸಬೇಕು, ಬೆಂಗಳೂರಿನಿಂದ ಕರೆಸಬಹುದಂತೆ. "ಫಾದರ್, ಚರ್ಚಿನಲ್ಲಿ ಅದಕ್ಕೆ ಅನುಮತಿ ಇದೆಯಾ?" ಎಂದು ತಂದೆ ಕೇಳಿದರು. ಜೊತೆಯಲ್ಲಿದ್ದ ಅಜ್ಜಿ ಮಗನ ಕಡೆ ತಿರುಗಿ, "ಅದೆಂಥದ್ದು ಮಗಾ?" ಎಂದರು.

ಅಜ್ಜಿಯ ಪ್ರಶ್ನೆಯೇ ಮೊದಲು. ಸೌಲ ಅರಸನ ಮನಸ್ಸು ಕದಡಿದಾಗಲೆಲ್ಲ ಕುರಿಕಾಯುವ ಹುಡುಗ ದಾವೀದ ನುಡಿಸಿದನಲ್ಲ, ಬಾಬಿಲೋನಿನ ನದಿತೀರದಲ್ಲಿ ಸೆರೆಯಾಳುಗಳು ಹಾಡಲಾರದೆ ಮರಕ್ಕೆ ನೇತುಹಾಕಿದರಲ್ಲ, ಆ ತಂತಿವಾದ್ಯಕ್ಕೆ ಹೀಬ್ರೂ ಭಾಷೆಯಲ್ಲಿ ಕಿನ್ನೋರ್ ಎಂದು ಹೆಸರು. ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಇಂಗ್ಲಿಷ್ ಬೈಬಲ್ ಅದನ್ನು ಹಾರ್ಪ್ ಎಂದಿತು. ನಮ್ಮ ಕನ್ನಡ ಬೈಬಲ್ ಕಿನ್ನರಿ ಎಂದಿತು. ಇಂದಿನ ದೊಡ್ಡ ಹಾರ್ಪ್‌ಗಾದರೋ 47 ತಂತಿ, 7 ಪೆಡಲು, ಹತ್ತಿರ ಹತ್ತಿರ 40 ಕಿಲೋ ತೂಕ. ದಾವೀದ ಅದನ್ನು ಹೊತ್ತು ಕುರಿಗಳ ಹಿಂದೆ ತಿರುಗುವುದು ಸಾಧ್ಯವಿರಲಿಲ್ಲ!

ಕಿನ್ನರಿ ನಮಗೆ ಹೊರಗಿನ ಪದವಲ್ಲ. ಕೋಲಿಗೆ ಸೋರೆಬುರುಡೆ ಕಟ್ಟಿ ತಂತಿ ಬಿಗಿದ ಈ ವಾದ್ಯದಿಂದಲೇ 12ನೇ ಶತಮಾನದ ಶರಣ ಕಿನ್ನರಿ ಬ್ರಹ್ಮಯ್ಯನಿಗೆ ಆ ಹೆಸರು. ಅದನ್ನು ಮೀಟುತ್ತಾ ಕಥೆ ಹಾಡುವ ಜೋಗಿಗಳು ಊರೂರು ತಿರುಗುತ್ತಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಇಂಗ್ಲಿಷ್ ಕವಿ ಬ್ರೌನಿಂಗ್‌ನ ಕೊಳಲಿನವನನ್ನು ಕನ್ನಡಕ್ಕೆ ಕರೆತಂದಾಗ, ಅವನು ಕಿಂದರಿ ಜೋಗಿಯಾದ.

ಇನ್ನು ತಂದೆಯ ಪ್ರಶ್ನೆ. ಇದು ಧರ್ಮಸಭೆಯಷ್ಟೇ ಹಳೆಯದು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಜ್ಞಾನಿ ಔತಣಗಳಲ್ಲಿ ಕೊಳಲೂದಿ ಕುಡಿದು ಕುಣಿಯುವುದನ್ನು ಕಟುವಾಗಿ ಖಂಡಿಸಿದರು. ಆದರೆ ತಂತಿವಾದ್ಯದೊಂದಿಗೆ ದೇವರನ್ನು ಹಾಡುವವನಲ್ಲಿ ತಪ್ಪಿಲ್ಲ ಎಂದರು, ದಾವೀದನನ್ನು ನೆನೆದು. ಅಂದರೆ ವಾದ್ಯಕ್ಕಿಂತ ಅದರ ಸುತ್ತಲಿನ ನಡತೆಯೇ ಅವರ ಚಿಂತೆಯಾಗಿತ್ತು.

ಈ ವಿವೇಕ ಎಲ್ಲ ಕಾಲದಲ್ಲೂ ಇರಲಿಲ್ಲ. 1736ರಲ್ಲಿ ಗೋವಾದ ಇನ್‌ಕ್ವಿಸಿಶನ್ ನ್ಯಾಯಪೀಠ ಒಂದು ಆಜ್ಞೆ ಹೊರಡಿಸಿತು. ಕೊಂಕಣಿ ಕ್ರೈಸ್ತರ ಮದುವೆಗಳಲ್ಲಿ ಊರಿನ ವಾದ್ಯಗಳು ಬೇಡ, ಹೆಂಗಸರು ಹಾಡುವ ವೊವಿಯೊ ಬೇಡ. ವೀಳ್ಯ, ಹೂವುಗಳ ಶಾಸ್ತ್ರಗಳ ಮೇಲೂ ನಿರ್ಬಂಧ. ಮದುಮಗಳ ಮೇಲೆ ತೆಂಗಿನ ಹಾಲೆರೆಯುವ ರೋಸ್ ದಿನ ಹಿರಿಯ ಹೆಂಗಸರು ಹಾಡುತ್ತಾರಲ್ಲ, ಅದೇ ವೊವಿಯೊ. ಆ ಹಾಡುಗಳಲ್ಲಿ ಶಿಲುಬೆಯ ಗುರುತಿದೆ, ಮಾತೆ ಮರಿಯಮ್ಮನವರಿದ್ದಾರೆ, ತಾಯಿ ಮನೆ ಬಿಡುವ ಮಗಳ ಕಣ್ಣೀರಿದೆ. ಅದನ್ನು ಅಪರಾಧವೆಂದು ಬರೆದವರೂ ಧರ್ಮಸಭೆಯ ಜನರೇ. ಗುರುವಾಗಿ ಇದನ್ನು ಮುಚ್ಚಿಡಲಾರೆ.

ಗೋವಾ ಬಿಟ್ಟು ಕೆನರಾ ಕರಾವಳಿಗೆ ಬಂದಿದ್ದ ನಮ್ಮ ಹಿರಿಯರು ಆಗ ಕೆಳದಿ ಅರಸರ ಪ್ರಜೆಗಳು. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳ ನಂತರ ಆ ಅರಸರ ರಾಜಧಾನಿ ಬಿದನೂರು. ಇಂದು ಹೊಸನಗರ ತಾಲ್ಲೂಕಿನ ನಗರ. ಗೋವಾದ ಶಿಕ್ಷೆಯ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಚರ್ಚುಗಳು ನೆಲಸಮವಾದವು, ಬಾಯಲ್ಲಿದ್ದ ಹಾಡು ಉಳಿಯಿತು. 1799ರ ನಂತರ ಹಿಂತಿರುಗಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಘಟ್ಟ ಹತ್ತಿ ನಮ್ಮ ಮಲೆನಾಡಿಗೂ ಅದನ್ನು ತಂದರು.

ರೋಮಿನ ನಿಯಮಗಳೂ ಬದಲಾಗುತ್ತಾ ಬಂದವು. 1903ರಲ್ಲಿ ಪೋಪ್ ಹತ್ತನೇ ಭಕ್ತಿನಾಥರು, ಅಂದರೆ ಸಂತ ಹತ್ತನೇ ಪಿಯುಸ್, ಚರ್ಚಿನೊಳಗೆ ಪಿಯಾನೊ, ಡೋಲುಗಳನ್ನು ನಿಷೇಧಿಸಿದರು. ಗಾಯನ ಮಂಡಳಿಯಲ್ಲಿ ಸ್ತ್ರೀಯರಿರಬಾರದೆಂದೂ ಅದೇ ಆದೇಶ ಹೇಳಿತ್ತು. ಇಂದು ನಮ್ಮ ಮಂಡಳಿಗಳಿಂದ ಹೆಂಗಸರನ್ನು ತೆಗೆದರೆ ಉಳಿಯುವುದು ಕೀಬೋರ್ಡ್ ಒಂದೇ! 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್‌ಗೆ ಗೌರವದ ಸ್ಥಾನ ಕೊಟ್ಟು, ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಅಧಿಕಾರಿಗಳ ಸಮ್ಮತಿಯೊಂದಿಗೆ ಬಾಗಿಲು ತೆರೆಯಿತು. ಜನಾಂಗಗಳ ಸ್ವಂತ ಸಂಗೀತ ಪರಂಪರೆಯನ್ನು ಆದರಿಸಬೇಕೆಂದಿತು. ಆದ್ದರಿಂದ ಹಾರ್ಪ್‌ಗೆ ಅಡ್ಡಿಯಿಲ್ಲ ಎಂದೆ.

ಆದರೆ 1958ರ ರೋಮಿನ ಒಂದು ಸೂಚನೆಯನ್ನು ನಾವು ಮರೆತೇಬಿಟ್ಟಿದ್ದೇವೆ. ಆರಾಧನೆಯಲ್ಲಿ ಗ್ರಾಮಫೋನು, ಟೇಪ್‌ರೆಕಾರ್ಡರ್‌ಗಳಂಥ ಯಂತ್ರಗಳ ಸಂಗೀತ ಸಲ್ಲದು ಎಂದಿತ್ತು ಅದು. ಜೀವಂತ ಮನುಷ್ಯ ಹಾಡಬೇಕು, ನುಡಿಸಬೇಕು. ಈಗ ಎಷ್ಟೋ ಮದುವೆಗಳಲ್ಲಿ ಪೆನ್‌ಡ್ರೈವೇ ಗಾಯನ ಮಂಡಳಿ. ಅದರಿಂದ ಹೊರಡುವ ಪ್ರವೇಶಗೀತೆಯೂ ಹೆಚ್ಚಾಗಿ ಜರ್ಮನಿಯ ವಾಗ್ನರ್‌ನ 'ಲೋಹೆಂಗ್ರಿನ್' ಎಂಬ ನಾಟಕದ್ದು. 1850ರಲ್ಲಿ ರಂಗಕ್ಕೆ ಬಂದ ಆ ಕಥೆಯಲ್ಲಿ ಹಾಡು ಮುಗಿದ ರಾತ್ರಿಯೇ ಮದುವೆ ಮುರಿಯುತ್ತದೆ. ಇದನ್ನು ಹೇಳಿದಾಗ ಮದುಮಗಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಹಾರ್ಪ್‌ನವರ ಪ್ರಯಾಣ, ಬಾಡಿಗೆ, ವಸತಿ ಎಲ್ಲ ಲೆಕ್ಕ ಹಾಕಿದ ಮೇಲೆ ತಂದೆಯವರೇ ಹಿಂದೆಗೆದರು. ನಮ್ಮ ಯುವಕನೊಬ್ಬ ವಯೊಲಿನ್ ನುಡಿಸಿದ. ಜನರೂ ದನಿಗೂಡಿಸಿ ಹಾಡಿದರು. ಒಂದೆರಡು ಕಡೆ ಶ್ರುತಿ ತಪ್ಪಿತು, ಯಾರೂ ಗಮನಿಸಲಿಲ್ಲ.

ನನಗೆ ನೆನಪಿನಲ್ಲಿ ಉಳಿದದ್ದು ಹಿಂದಿನ ಸಂಜೆಯ ರೋಸ್. ಧ್ವನಿವರ್ಧಕ ನಿಲ್ಲಿಸಿ, ಅಜ್ಜಿಯನ್ನು ಹಾಡಲು ಬಿಡಿ ಎಂದು ಕೇಳಿಕೊಂಡಿದ್ದೆ. ಎಂಬತ್ತು ದಾಟಿದ ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ಮೊಮ್ಮಗಳು ತೆಂಗಿನ ಹಾಲು ಒರೆಸಿಕೊಳ್ಳುತ್ತಲೇ, ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ತಮ್ಮನಿಗೆ ಸನ್ನೆ ಮಾಡಿದಳು. ಐದನೆಯ ಪದ್ಯಕ್ಕೆ ಅಜ್ಜಿ ನಿಂತರು. ಮುಂದಿನ ಸಾಲು ನೆನಪಾಗಲಿಲ್ಲ. ಸುತ್ತಲಿದ್ದ ಹೆಂಗಸರತ್ತ ನೋಡಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.