ಜಾಲಪುಟದಲ್ಲಿ ಮೂರು ಊರುಗಳ ಹೆಸರು: ರೂಪಸಾಮ್ಯದ ಇತಿಹಾಸ

ರಾಯಚೂರು, ದೇವದುರ್ಗ, ಮಾನ್ವಿ ಎಂಬ ಒಂದೇ ಜಿಲ್ಲೆಯ ಮೂರು ಹೆಸರುಗಳನ್ನು ಕಾಗದದ ಮೇಲೆ ಅಚ್ಚುಹಾಕಿದರೆ, ಯಾರ ಕೈಸೇರಿದರೂ ಅವುಗಳ ರೂಪ ಬದಲಾಗದು. ಜಾಲಪುಟದ ಸ್ಥಿತಿ ಹಾಗಲ್ಲ. ಅಲ್ಲಿ ಪುಟವನ್ನು ಬರೆದವರು ಒಬ್ಬರು. ಅದನ್ನು ಪ್ರತಿಸಲವೂ ಹೊಸದಾಗಿ ಜೋಡಿಸಿ ತೋರಿಸುವುದು ಓದುಗನ ಯಂತ್ರದಲ್ಲಿರುವ ಬ್ರೌಸರು. ಬ್ರೌಸರುಗಳು ಹಲವಾದುದರಿಂದ ರೂಪಗಳೂ ಹಲವಾದವು. ಈ ಭೇದವು ಕಡಿಮೆಯಾದ ಬಗೆಯನ್ನು ಈ ಮೂರು ಹೆಸರುಗಳ ಮೂಲಕವೇ ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಪುಟದ ವಿಷಯವನ್ನು ಅದರ ಅಲಂಕಾರದಿಂದ ಬೇರ್ಪಡಿಸುವ ಶೈಲಿನಿಯಮವೊಂದನ್ನು ಹೋಕನ್ ವಿಯುಮ್ ಲೀ 1994ರಲ್ಲಿ ಸೂಚಿಸಿದರು. ಅದರ ಫಲವಾದ ಸಿ.ಎಸ್.ಎಸ್. 1996ರ ಡಿಸೆಂಬರಿನಲ್ಲಿ ಪ್ರಮಾಣವಾಯಿತು. ನಿಯಮವಿದ್ದ ಮಾತ್ರಕ್ಕೆ ಆಚರಣೆ ಒಂದಾಗಲಿಲ್ಲ. ಚೌಕದ ಅಗಲವೆಂದರೆ ಒಳಗಿನ ಬರಹದ ಅಗಲವೆಂದು ನಿಯಮವು ಹೇಳಿದರೆ, ವಿಂಡೋಸಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಅಂಚನ್ನೂ ಸೇರಿಸಿ ಎಣಿಸುತ್ತಿತ್ತು.

ಕನ್ನಡಕ್ಕೆ ಒದಗಿದ ತೊಡಕು ಅಂಚಿನದಲ್ಲ, ಅಕ್ಷರದ್ದು. ಆರಂಭದ ಹಲವು ಕನ್ನಡ ಪುಟಗಳು, ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಿದ ಫಾಂಟುಗಳನ್ನು ಅವಲಂಬಿಸಿದ್ದವು. 1997ರಲ್ಲಿ ನೆಟ್‌ಸ್ಕೇಪ್ 4 ಮತ್ತು ಎಕ್ಸ್‌ಪ್ಲೋರರ್ 4 ಪುಟದೊಡನೆ ಫಾಂಟನ್ನೂ ಕಳುಹಿಸುವ ಏರ್ಪಾಡನ್ನು ತಂದವು. ಆದರೆ ಒಂದರ ಏರ್ಪಾಡು ಇನ್ನೊಂದಕ್ಕೆ ಸಲ್ಲುತ್ತಿರಲಿಲ್ಲ. ಫಾಂಟು ದೊರೆಯದಿದ್ದಲ್ಲಿ ಮೂರು ಹೆಸರುಗಳೂ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಬಿಡುತ್ತಿದ್ದವು.

1991ರ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸಂಕೇತಸ್ಥಾನಗಳನ್ನು ಕೊಟ್ಟಿತು. ಅದರಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ದಾಖಲಾಗುತ್ತವೆ. ‘ದೇವದುರ್ಗ’ದಲ್ಲಿ ರಕಾರವು ಗಕಾರಕ್ಕಿಂತ ಮೊದಲು ದಾಖಲಾಗುತ್ತದೆ, ತೆರೆಯ ಮೇಲೆ ಅರ್ಕಾವೊತ್ತು ಗಕಾರದ ಬಲಕ್ಕೆ ನಿಲ್ಲಬೇಕು. ‘ಮಾನ್ವಿ’ಯಲ್ಲಿ ಇಕಾರವು ವಕಾರದ ಅನಂತರ ದಾಖಲಾದರೂ ಗುಡಿಸು ಸೇರುವುದು ನಕಾರಕ್ಕೆ. ಈ ಜೋಡಣೆಯನ್ನರಿಯದ ಯಂತ್ರದಲ್ಲಿ ಒತ್ತಕ್ಷರವಿಲ್ಲದ ‘ರಾಯಚೂರು’ ಹೇಗೋ ಓದಿಸಿಕೊಂಡರೂ ಉಳಿದೆರಡು ಒಡೆದು ಕಾಣುತ್ತಿದ್ದವು. 2001ರ ವಿಂಡೋಸ್ ಎಕ್ಸ್‌ಪಿ ಈ ಜೋಡಣೆಯನ್ನೂ ತುಂಗಾ ಫಾಂಟನ್ನೂ ಒದಗಿಸಿತು. ಬೇರೆ ಬೇರೆ ಬ್ರೌಸರುಗಳಿಗೆ ಸಮಾನವಾಗಿ ಸಲ್ಲುವ ವಾಫ್ ಎಂಬ ಫಾಂಟುರೂಪವು 2012ರಲ್ಲಿ ಪ್ರಮಾಣವಾಯಿತು.

ಇಂದಿಗೂ ಎರಡು ಯಂತ್ರಗಳಲ್ಲಿ ಅಕ್ಷರದ ದಪ್ಪ, ಸಾಲಿನ ಅಂತರ ಭಿನ್ನವಾಗಬಹುದು. ಅದನ್ನು ದೊಡ್ಡ ದೋಷವೆಂದು ನಾವು ಭಾವಿಸುವುದಿಲ್ಲ. ಕಾಣುವ ರೂಪ ಬೇರೆಯಾದರೂ ದಾಖಲಾದ ಅಕ್ಷರ ಒಂದೇ ಆಗಿದ್ದರೆ ಓದಿಗೆ ಭಂಗವಿಲ್ಲ. ಹಳೆಯ ಫಾಂಟುಗಳ ಪುಟಗಳಲ್ಲಿ ಇಲ್ಲದಿರುವುದು ಇದೇ. ಅಂಥ ಪುಟದಲ್ಲಿ ಮಾನ್ವಿಯ ವಿಚಾರವಿದ್ದರೂ ‘ಮಾನ್ವಿ’ ಎಂದು ಹುಡುಕುವ ವಿದ್ಯಾರ್ಥಿಗೆ ಅದು ಸಿಗದು. ಆದುದರಿಂದ ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವವರು, ಮೂಲದ ಫಾಂಟು ಕೈಗೆಟಕುವಷ್ಟರಲ್ಲಿಯೇ, ಅಂಥ ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಇಡುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.