ಕಯ್ಯೂರಿನ ಹೊಳೆಬದಿಯಲ್ಲಿ ನಿರಂಜನ

ಕಳೆದ ಮಾರ್ಚಿನ ಒಂದು ಆದಿತ್ಯವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಉಪ್ಪಳದಲ್ಲಿ ಲೋಕಲ್ ರೈಲು ಹತ್ತಿ ನೀಲೇಶ್ವರದಲ್ಲಿ ಇಳಿದೆ. "ಕಯ್ಯೂರಲ್ಲಿ ನಿನಗೇನು ವ್ಯಾಪಾರ?" ಎಂದು ಉಪ್ಪ ಕೇಳಿದ್ದರು. ವ್ಯಾಪಾರ ಏನೂ ಇಲ್ಲ. ಕನ್ನಡ ಶಾಲೆಯಲ್ಲಿದ್ದಾಗ ಓದಿದ ‘ಚಿರಸ್ಮರಣೆ’ಯ ಊರನ್ನು ಒಮ್ಮೆ ನೋಡಬೇಕೆಂಬ ಹಳೇ ಆಸೆ, ಅಷ್ಟೆ.

ನಿರಂಜನ ಎಂದರೆ ಕುಳಕುಂದ ಶಿವರಾಯ. 1924ರಲ್ಲಿ ಸುಬ್ರಹ್ಮಣ್ಯದ ಹತ್ತಿರ ಕುಳಕುಂದದಲ್ಲಿ ಹುಟ್ಟಿದವರು ಹೈಸ್ಕೂಲು ಕಲಿತದ್ದು ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ. ರಜೆಯ ದಿನವಾದ್ದರಿಂದ ಗೇಟಿನ ಹೊರಗಿಂದಲೇ ನೋಡಿದೆ. ಘಟ್ಟದ ಬುಡದ ಕನ್ನಡ ಹುಡುಗ ಮಲಯಾಳದ ಊರಿಗೆ ಯಾಕೆ ಬಂದ ಎಂದು ಈಗಿನವರಿಗೆ ಅನ್ನಿಸಬಹುದು. ಆಗ ಕುಳಕುಂದವೂ ಕಯ್ಯೂರೂ ಒಂದೇ ಜಿಲ್ಲೆ, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಹುಡುಗ ಯಾವ ಗಡಿಯನ್ನೂ ದಾಟಿರಲಿಲ್ಲ. ಗಡಿ ಬಂದದ್ದು 1956ರಲ್ಲಿ. ಕಾದಂಬರಿ ಅದಕ್ಕಿಂತ ಒಂದು ವರ್ಷ ಮುಂಚೆಯೇ ಅಚ್ಚಾಗಿತ್ತು.

ಕಯ್ಯೂರಿಗೆ ಬಸ್ಸಿನಲ್ಲಿ ಹೋದೆ. ಊರಿನ ಬದಿಯಲ್ಲೇ ತೇಜಸ್ವಿನಿ ಹೊಳೆ. ಕಾರ್ಯಂಗೋಡು ಹೊಳೆ ಎಂದೂ ಹೇಳುತ್ತಾರೆ. ನಿರಂಜನರ ಮಗಳ ಹೆಸರೂ ತೇಜಸ್ವಿನಿ. ಕೆಳಗೆ ಪಾಲಾಯಿಯಲ್ಲಿ ಉಪ್ಪುನೀರು ಮೇಲೇರದಂತೆ ಶಟರ್ ಹಾಕಿದ ಸೇತುವೆ ಇದೆ. ಡಿಪ್ಲೊಮಾ ಕಲಿತವನ ಕಣ್ಣು ಅಲ್ಲಿ ಸುಮ್ಮನಿರಲಿಲ್ಲ, ಅರ್ಧ ಗಂಟೆ ಅದಕ್ಕೇ ಹೋಯಿತು!

1941ರ ಮಾರ್ಚ್ 28ರಂದು ರೈತಸಂಘದವರು ಪೊಲೀಸರ ದೌರ್ಜನ್ಯವನ್ನು ಖಂಡಿಸಿ ಮೆರವಣಿಗೆ ಹೊರಟಿದ್ದರು. ಎದುರು ಸಿಕ್ಕಿದ ಸುಬ್ಬರಾಯ ಎಂಬ ಪೊಲೀಸಿನವನ ಕೈಗೆ ಕೆಂಬಾವುಟ ಕೊಟ್ಟು ಜತೆಗೆ ನಡೆಸಿದರಂತೆ. ಅವನು ತಪ್ಪಿಸಿಕೊಂಡು ಹೊಳೆಗೆ ಹಾರಿ ಸತ್ತ. ವಿಚಾರಣೆ ಮಂಗಳೂರಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲಾಯಿತು: ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡ, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ಐದನೆಯವನಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಎಳೆಯ ಪ್ರಾಯದವನೆಂದು ಗಲ್ಲಿನಿಂದ ಉಳಿದ. ಮೆರವಣಿಗೆ ನಡೆದಾಗ ನಿರಂಜನರಿಗೆ 16 ವರ್ಷ.

ಸ್ಮಾರಕದ ಮುಂದೆ ಅಬೂಬಕ್ಕರ್ ಹೆಸರಿನಲ್ಲಿ ನನ್ನ ಕಣ್ಣು ನಿಂತಿತು. ನಮ್ಮ ಮನೆಗಳಲ್ಲಿ ಹಿಂದಿನವರ ಕಥೆ ಹೇಳುವಾಗ ವ್ಯಾಪಾರಿಗಳ, ಉಸ್ತಾದರ, ಹಡಗು ಹತ್ತಿದವರ ಹೆಸರು ಬರುತ್ತದೆ. ಗೇಣಿ ರೈತರ ಜತೆ ನಿಂತು ಗಲ್ಲಿಗೇರಿದವನ ಹೆಸರನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ. ನನಗೆ ಅದು ಸಿಕ್ಕಿದ್ದು ಕನ್ನಡ ಪುಸ್ತಕದಲ್ಲಿ.

ಚಾ ಕುಡಿಯಲು ಕೂತ ಕಡೆ ಒಬ್ಬರು ಹಿರಿಯರು ಮಾತಿಗೆ ಸಿಕ್ಕಿದರು. ಅವರು ‘ಚಿರಸ್ಮರಣೆ’ಯನ್ನು ಮಲಯಾಳದಲ್ಲಿ ಓದಿದ್ದಾರೆ. ನಿರಂಜನ ನಮ್ಮವರಲ್ಲವಾ ಎಂದರು. ಕನ್ನಡದವರು ಎಂದು ನಾನು ಹೇಳಹೊರಟೆ; ಮತ್ತೆ ಯಾಕೋ ಹೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಉಪ್ಪನಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಆ ಪೊಲೀಸಿನವನ ಮನೆ ಎಲ್ಲಿಯಂತೆ?" ಎಂದರು. ನಾನು ಅಲ್ಲಿ ಯಾರನ್ನೂ ಅದನ್ನು ಕೇಳಿರಲಿಲ್ಲ. ಈಗ ಪುಸ್ತಕವನ್ನು ಮತ್ತೆ ತೆಗೆದಿದ್ದೇನೆ. ಹೊಳೆಯ ಪುಟಗಳು ಇನ್ನೂ ಬಂದಿಲ್ಲ.