ತೊಟ್ಟಿಯ ತಳದ ಜಲ್ಲಿ: ನಮ್ಮ ಮೀನುಗಳು ಸತ್ತದ್ದು ಯಾಕೆ?



ನಮ್ಮ ಕ್ಯಾಟಿಕಿಸಂ ಕೊಠಡಿಯ ಮೂಲೆಯಲ್ಲಿದ್ದ ಮೀನಿನ ತೊಟ್ಟಿ ನಿಮಗೆ ನೆನಪಿರಬಹುದು. ಕಳೆದ ವರ್ಷ ಮೋಂತಿ ಫೆಸ್ತಿಗೆ ನಾಲ್ಕು ದಿನ ಇರುವಾಗ ಯುವಜನರೆಲ್ಲ ಸೇರಿ ಇಗರ್ಜಿಯ ವಠಾರವನ್ನು ಶುಚಿ ಮಾಡಿದೆವು. ತೊಟ್ಟಿಯ ತಳದ ಜಲ್ಲಿಗೆ ಕಂದು ಬಣ್ಣದ ಲೋಳೆ ಹಿಡಿದಿತ್ತು. ಹಬ್ಬಕ್ಕೆ ಬರುವವರು ಏನಂದಾರು ಎಂದು ಮೀನುಗಳನ್ನು ಬಕೆಟಿಗೆ ಹಾಕಿ, ಜಲ್ಲಿಯನ್ನೆಲ್ಲ ಹಂಡೆಯಲ್ಲಿ ಕುದಿಸಿ, ಟೆರೇಸಿನ ಮೇಲೆ ಬಿಸಿಲಿಗೆ ಒಣಗಿಸಿದೆವು. ಫಿಲ್ಟರಿನ ಸ್ಪಂಜನ್ನೂ ಬಿಡದೆ ಬಿಸಿನೀರಿನಲ್ಲಿ ತಿಕ್ಕಿ ತೊಳೆದೆವು. ಬಾವಿಯಿಂದ ಹೊಸ ನೀರು ತುಂಬಿಸಿದಾಗ ತೊಟ್ಟಿ ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯುತ್ತಿತ್ತು.

ಹಬ್ಬದ ದಿನ ಮಕ್ಕಳು ಅದರ ಸುತ್ತವೇ ನಿಂತಿದ್ದರು. ಮರುದಿನ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಒಂದು ವಾರದೊಳಗೆ ಹನ್ನೊಂದು ಮೀನುಗಳಲ್ಲಿ ಉಳಿದದ್ದು ಒಂದೇ. ಮೂರನೇ ತರಗತಿಯ ಒಬ್ಬಳು ಪುಟ್ಟಿ, "ಅಣ್ಣಾ, ಅವು ಯಾಕೆ ಸತ್ತವು?" ಎಂದು ಕೇಳಿದಳು. "ಅಂಗಡಿಯವರು ಕೊಟ್ಟ ಮೀನೇ ಸರಿ ಇರಲಿಲ್ಲ" ಎಂದುಬಿಟ್ಟೆವು. ಎಂಟು ತಿಂಗಳು ಚೆನ್ನಾಗಿ ಬದುಕಿದ್ದ ಮೀನುಗಳವು. ನಮ್ಮ ತಂಡದಲ್ಲಿ ಬಿಎಸ್ಸಿ ಓದಿದವರೇ ಮೂವರು ಇದ್ದೆವು ಎನ್ನುವುದನ್ನೂ ಇಲ್ಲಿ ಹೇಳಲೇಬೇಕು.

ಉಳಿದ ಒಂದು ಮೀನಿನ ನೀರನ್ನು ಅಮೋನಿಯಾ ಕಿಟ್ಟಿನಲ್ಲಿ ಪರೀಕ್ಷಿಸಿ ನೋಡಿದೆವು. ಕೊಳವೆಯಲ್ಲಿ ಗಾಢ ಹಸಿರು ಬಣ್ಣ ಬಂತು. ಅಂದರೆ ನೀರು ತುಂಬ ಅಮೋನಿಯಾ. ಸ್ಫಟಿಕದಂತೆ ಕಾಣುತ್ತಿದ್ದ ಆ ನೀರು ವಿಷವಾಗಿತ್ತು. ಯಾಕೆ ಹೀಗಾಯಿತು ಎಂದು ಓದುತ್ತಾ ಹೋದಾಗ ಒಂದು ದೊಡ್ಡ ಕಥೆಯೇ ಸಿಕ್ಕಿತು. ಅದರಲ್ಲಿ ಒಬ್ಬ ತಂದೆ ಇದ್ದಾರೆ, ಒಬ್ಬ ಮಗ ಇದ್ದಾನೆ, ತೊಟ್ಟಿಯ ತಳದಲ್ಲಿ ಒಂದಿಷ್ಟು ಮರಳು ಮತ್ತು ಕೆಸರು ಇದೆ.

ತಳವೇ ಇಲ್ಲದ ಕಾಲ

1846ರಲ್ಲಿ ಆನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಕೆಲವು ಜೀವಂತ ಹವಳಗಳನ್ನು ಲಂಡನಿಗೆ ತಂದರು. ಅವರ ಗಂಡ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಪಾದ್ರಿ. ಪೇಟೆಯ ನಡುವೆ ದಿನವೂ ಹೊಸ ಸಮುದ್ರದ ನೀರು ಎಲ್ಲಿ ಸಿಗಬೇಕು? ಆದ್ದರಿಂದ ಇದ್ದ ನೀರನ್ನೇ ಮನೆಕೆಲಸದವಳು ತೆರೆದ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಚಹಾ ಆರಿಸುವ ಹಾಗೆ, ಮತ್ತೆ ಮತ್ತೆ ಸುರಿಯಬೇಕಿತ್ತು. ಗಾಳಿ ಬೆರೆತ ಆ ನೀರಿನಲ್ಲಿ ಹವಳಗಳು ಬದುಕಿದವು. ಮುಂದಿನ ವರ್ಷ ಅವರು ಕಡಲ ಪಾಚಿಯನ್ನೂ ಸೇರಿಸಿದರು.

ಅಂದಿನವರ ತಿಳಿವಳಿಕೆ ಇಷ್ಟೇ: ಜೀವಿಗೆ ಉಸಿರಾಡಲು ಆಮ್ಲಜನಕ ಬೇಕು, ಗಿಡ ಅದನ್ನು ಕೊಡುತ್ತದೆ. ತಳದಲ್ಲಿ ಏನಿರಬೇಕು ಎಂಬ ಪ್ರಶ್ನೆಯೇ ಆಗ ಹುಟ್ಟಿರಲಿಲ್ಲ.

ತಂದೆಯ ತೊಟ್ಟಿ

ಲಂಡನಿನ ಅಪಾಥಕರೀಸ್ ಹಾಲ್ ಎಂದರೆ ಔಷಧ ತಯಾರಕರ ಸಂಘದ ಕಟ್ಟಡ. ಅಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಇದ್ದರು. 1849ರಲ್ಲಿ ಅವರು ಹನ್ನೆರಡು ಗ್ಯಾಲನ್, ಅಂದರೆ ಐವತ್ತು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಸುವ ಗಾಜಿನ ಪಾತ್ರೆಯೊಂದರ ತಳಕ್ಕೆ ಮರಳು, ಕೆಸರು ಮತ್ತು ಕೆಲವು ಕಲ್ಲುಗಳನ್ನು ಹಾಕಿದರು. ಹುಲ್ಲಿನಂತೆ ಉದ್ದ ಎಲೆಗಳಿರುವ ವ್ಯಾಲಿಸ್ನೇರಿಯಾ ಗಿಡ ನೆಟ್ಟರು. ಎರಡು ಸಣ್ಣ ಗೋಲ್ಡ್‌ಫಿಶ್ ಬಿಟ್ಟರು.

ಸ್ವಲ್ಪ ದಿನದಲ್ಲಿ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ವಾರಿಂಗ್ಟನ್ ನೀರು ಚೆಲ್ಲಲಿಲ್ಲ, ಮರಳನ್ನು ತೊಳೆಯಲೂ ಇಲ್ಲ. ಕೊಳೆತದ್ದನ್ನು ತಿನ್ನಲು ಐದಾರು ಬಸವನಹುಳುಗಳನ್ನು ಬಿಟ್ಟರು. ನೀರು ತಿಳಿಯಾಯಿತು. ನೀರು ಬದಲಿಸದೆಯೇ ಮೀನು ಬದುಕುತ್ತದೆ ಎಂದು 1850ರಲ್ಲಿ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಮೀನು, ಗಿಡ, ಬಸವನಹುಳು, ಈ ಮೂವರ ಲೆಕ್ಕಾಚಾರ ಸರಿಹೊಂದಿದರೆ ಸಾಕು ಎಂಬುದು ಅವರ ವಿವರಣೆ.

ಆ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು. ತಳದ ಮರಳು ಮತ್ತು ಕೆಸರು ಅವರ ಕಣ್ಣಿಗೆ ಗಿಡದ ಬೇರು ಹಿಡಿಯುವ ಜಾಗ ಅಷ್ಟೇ. ಇದೇ ಕಟ್ಟಡದಲ್ಲಿ ಆಗ ಹತ್ತು ಹನ್ನೊಂದು ವರ್ಷದ ಅವರ ಮಗನೂ ಬೆಳೆಯುತ್ತಿದ್ದ. ಅವನ ಹೆಸರೂ ರಾಬರ್ಟ್. ಆರೋಗ್ಯ ಅಷ್ಟಕ್ಕಷ್ಟೇ ಇದ್ದ ಈ ಹುಡುಗ ರಸಾಯನಶಾಸ್ತ್ರದ ಮೊದಲ ಪಾಠ ಕಲಿತದ್ದು ತಂದೆಯ ಪ್ರಯೋಗಾಲಯದಲ್ಲೇ. ಅವನನ್ನು ನೆನಪಿಟ್ಟುಕೊಳ್ಳಿ.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದರು. ಆ ಹೆಸರು ಎಲ್ಲರ ಬಾಯಿಗೆ ಬಂತು. ಮನೆಮನೆಯಲ್ಲಿ ಗಾಜಿನ ತೊಟ್ಟಿ ಇಡುವ ಹುಚ್ಚು ಹತ್ತಿತು. ಕೆಲವೇ ವರ್ಷಗಳಲ್ಲಿ ಆ ಹುಚ್ಚು ಇಳಿಯಿತು ಕೂಡ. ತೊಟ್ಟಿ ಇಡುವುದು ಸುಲಭ, ಅದನ್ನು ಬದುಕಿಸಿಕೊಳ್ಳುವುದು ಕಷ್ಟ ಎಂದು ಜನರಿಗೆ ಗೊತ್ತಾಗಿತ್ತು.

ಚರಂಡಿ ನೀರು ಕೊಟ್ಟ ಉತ್ತರ

ಬಿಟ್ಟುಹೋದ ಲೆಕ್ಕ ಸಿಕ್ಕಿದ್ದು ಮೀನಿನ ತೊಟ್ಟಿಯಲ್ಲಿ ಅಲ್ಲ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಚರಂಡಿ ನೀರಿನ ಬಗ್ಗೆ ಕೆಲಸ ಮಾಡುತ್ತಿದ್ದರು. ಸುಮಾರು ಒಂದು ಮೀಟರ್ ಉದ್ದದ ಗಾಜಿನ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಅದರ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಮೊದಲ ಇಪ್ಪತ್ತು ದಿನ ಏನೂ ಬದಲಾಗಲಿಲ್ಲ. ಮೇಲಿಂದ ಹೋದ ಅಮೋನಿಯಾ ಹಾಗೆಯೇ ಕೆಳಗೆ ಬಂತು. ಆಮೇಲೆ ನೀರಿನಲ್ಲಿ ನೈಟ್ರೇಟ್ ಕಾಣಿಸಿತು. ದಿನ ಹೋದಂತೆ ಅಮೋನಿಯಾ ಪೂರ್ತಿ ಮಾಯವಾಯಿತು.

ಇದು ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತಲ್ಲ? ಇಪ್ಪತ್ತು ದಿನ ಯಾಕೆ? ಅವರು ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಬಿಟ್ಟರು. ಕೆಲಸ ನಿಂತೇಹೋಯಿತು. ಕ್ಲೋರೋಫಾರ್ಮ್ ಹೋದ ಮೇಲೂ ತಾನಾಗಿ ಶುರುವಾಗಲಿಲ್ಲ. ಸ್ವಲ್ಪ ತಾಜಾ ಮಣ್ಣನ್ನು ನೀರಿನಲ್ಲಿ ಕದಡಿ ಆ ನೀರನ್ನು ಸುರಿದಾಗ ಕೆಲವು ದಿನಗಳಲ್ಲಿ ಮತ್ತೆ ಶುರುವಾಯಿತು. ಹಾಗಾದರೆ ಕೆಲಸ ಮಾಡುತ್ತಿದ್ದದ್ದು ಮರಳಲ್ಲ, ಮರಳಿನ ಮೇಲೆ ಮನೆ ಮಾಡಿಕೊಂಡ ಕಣ್ಣಿಗೆ ಕಾಣದ ಜೀವಿಗಳು.

ಮಗನ ಉತ್ತರ

ಈ ಸುದ್ದಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರಕ್ಕೆ ತಲುಪಿದಾಗ ಅದನ್ನು ಪರೀಕ್ಷಿಸಲು ಕುಳಿತವರು ಕಿರಿಯ ರಾಬರ್ಟ್ ವಾರಿಂಗ್ಟನ್. ತಂದೆ 1867ರಲ್ಲೇ ತೀರಿಹೋಗಿದ್ದರು. ಮಗ ವರ್ಷಗಟ್ಟಲೆ ಪ್ರಯೋಗ ಮಾಡಿ, ಫ್ರೆಂಚರು ಹೇಳಿದ್ದು ನಿಜ ಎಂದು ಖಚಿತಪಡಿಸಿದರು. ಅಲ್ಲಿಗೇ ನಿಲ್ಲದೆ ಇನ್ನೊಂದು ವಿಷಯ ಕಂಡುಹಿಡಿದರು. ಕೆಲಸ ನಡೆಯುವುದು ಎರಡು ಹಂತದಲ್ಲಿ. ಮೊದಲು ಅಮೋನಿಯಾ ನೈಟ್ರೈಟ್ ಆಗುತ್ತದೆ, ಆಮೇಲೆ ನೈಟ್ರೈಟ್ ನೈಟ್ರೇಟ್ ಆಗುತ್ತದೆ. ಒಂದೊಂದು ಹಂತಕ್ಕೂ ಬೇರೆ ಬೇರೆ ಜೀವಿ.

ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಲು ಮಾತ್ರ ಅವರಿಂದ ಆಗಲಿಲ್ಲ. 1890ರಲ್ಲಿ ಜ್ಯೂರಿಚ್‌ನಲ್ಲಿದ್ದ ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದರು. ಉಳಿದ ಬ್ಯಾಕ್ಟೀರಿಯಾಗಳಿಗೆ ಬೇಕಾದ ಪುಷ್ಟಿಯ ಆಹಾರವನ್ನು ಇವು ಕೇಳುವುದೇ ಇಲ್ಲ, ಅಮೋನಿಯಾದಿಂದಲೇ ಶಕ್ತಿ ಪಡೆದು ಬದುಕುತ್ತವೆ ಎಂದು ಅವರು ತೋರಿಸಿದರು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದೇ. ತಂದೆ ತನ್ನ ತೊಟ್ಟಿಯ ತಳಕ್ಕೆ ಹಾಕಿದ ಮರಳು ಮತ್ತು ಕೆಸರು ಏನು ಮಾಡುತ್ತಿತ್ತು ಎಂಬುದಕ್ಕೆ ಉತ್ತರ ಕೊಡಲು ನೆರವಾದವನು ಅದೇ ಮನೆಯ ಮಗ. ಆದರೆ ಅವರು ಅದನ್ನು ಹುಡುಕಿದ್ದು ಹೊಲದ ಮಣ್ಣಿಗಾಗಿ, ಬೆಳೆಗಾಗಿ. ಮೀನು ಸಾಕುವವರು ಈ ಮಾತನ್ನು ತಮ್ಮದಾಗಿಸಿಕೊಳ್ಳಲು ಇನ್ನೂ ಎಷ್ಟೋ ದಶಕ ಬೇಕಾಯಿತು. 20ನೇ ಶತಮಾನದ ಮಧ್ಯದಲ್ಲಿ ಜಲ್ಲಿಯ ಅಡಿಗೆ ತೂತುಗಳಿರುವ ತಟ್ಟೆ ಇಟ್ಟು, ಗಾಳಿಯ ಪಂಪಿನ ಸಹಾಯದಿಂದ ನೀರನ್ನು ಜಲ್ಲಿಯ ಮೂಲಕವೇ ಹರಿಸುವ ಫಿಲ್ಟರ್ ಬಳಕೆಗೆ ಬಂತು. ಅದು ಶ್ಲೋಸಿಂಗ್ ಅವರ ಗಾಜಿನ ಕೊಳವೆಯೇ, ಅಗಲವಾಗಿ ಮಲಗಿಸಿದ್ದು.

ಕಥೆ ಇನ್ನೂ ಮುಗಿದಿಲ್ಲ. 1998ರಲ್ಲಿ, ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೇ ಹಂತದ ಕೆಲಸ ಮಾಡುವುದು ಪುಸ್ತಕಗಳು ಹೇಳುತ್ತಿದ್ದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಬಗೆಯದು ಎಂದು ಗೊತ್ತಾಯಿತು. 2015ರಲ್ಲಿ ಎರಡೂ ಹಂತವನ್ನು ಒಂದೇ ಜೀವಿ ಮಾಡಬಲ್ಲದು ಎಂದು ಎರಡು ತಂಡಗಳು ತೋರಿಸಿದವು. ಅದರಲ್ಲಿ ಒಂದು ತಂಡಕ್ಕೆ ಅಂಥ ಜೀವಿ ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ.

ನಮ್ಮ ಹಂಡೆಯಲ್ಲಿ ಬೆಂದದ್ದು

ಈಗ ನಮ್ಮ ತೊಟ್ಟಿಗೆ ಬರೋಣ. ಮೀನು ತನ್ನ ಕಿವಿರುಗಳಿಂದ ಹಗಲೂ ರಾತ್ರಿ ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಬರುತ್ತದೆ. ನಾವು ಕೊಳೆ ಎಂದುಕೊಂಡ ಕಂದು ಲೋಳೆಯಲ್ಲಿ ಅದನ್ನು ದಿನದಿನವೂ ತೆಗೆದುಹಾಕುವ ಬ್ಯಾಕ್ಟೀರಿಯಾಗಳು ಇದ್ದವು. ಎಂಟು ತಿಂಗಳಲ್ಲಿ ಜಲ್ಲಿಯ ಮೇಲೆ, ಸ್ಪಂಜಿನ ಒಳಗೆ ನೆಲೆಯೂರಿದ್ದ ಅವನ್ನು ನಾವು ಒಂದೇ ಮಧ್ಯಾಹ್ನ ಕುದಿಸಿದೆವು, ಬಿಸಿಲಿಗೆ ಒಣಗಿಸಿದೆವು. ಫ್ರೆಂಚರ ಕ್ಲೋರೋಫಾರ್ಮ್ ಮಾಡಿದ ಕೆಲಸವನ್ನು ನಮ್ಮ ಹಂಡೆ ಮಾಡಿತು. ಅದೇ ದಿನ ಹನ್ನೊಂದು ಮೀನುಗಳನ್ನು ಮತ್ತೆ ಅದರೊಳಗೆ ಬಿಟ್ಟೆವು. ನೀರು ಪೂರ್ತಿ ಬದಲಾದ ಆಘಾತವೂ ಜೊತೆಗೆ ಸೇರಿರಬಹುದು. ಹೇಗಿದ್ದರೂ ತಪ್ಪು ಅಂಗಡಿಯವರದ್ದಲ್ಲ, ನಮ್ಮದು.

ಹಾಗಾದರೆ ತಳಕ್ಕೆ ಏನು ಹಾಕಬೇಕು?

ಮನೆಯಲ್ಲಿ ತೊಟ್ಟಿ ಇಡಬೇಕು ಎಂದು ಹಲವರು ಕೇಳುತ್ತಿದ್ದೀರಿ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನೀಲಿ, ಗುಲಾಬಿ ಬಣ್ಣದ ಜಲ್ಲಿ. ಬಣ್ಣ ನೋಡುವ ಮೊದಲು ಮೀನು ಯಾವುದು, ನೀರು ಎಂಥದ್ದು, ಗಿಡ ನೆಡುತ್ತೀರಾ ಎಂದು ಕೇಳಿಕೊಳ್ಳಿ.

ಸಾಮಾನ್ಯ ತೊಟ್ಟಿಗೆ ಮೂರರಿಂದ ಐದು ಮಿಲಿಮೀಟರ್ ಗಾತ್ರದ, ಅಂಚು ಚೂಪಿಲ್ಲದ ಜಲ್ಲಿ ಸಾಕು. ಎರಡು ಇಂಚು ದಪ್ಪ ಹಾಕಿ. ಕಲ್ಲು ತೀರ ದೊಡ್ಡದಾದರೆ ಆಹಾರ ಸಂದಿಗೆ ಬಿದ್ದು ಕೊಳೆಯುತ್ತದೆ. ನಯವಾದ ಮರಳನ್ನು ದಪ್ಪವಾಗಿ ಹಾಕಿದರೆ ಅದು ಗಟ್ಟಿ ಕೂತು ಒಳಗೆ ಆಮ್ಲಜನಕ ಇಳಿಯುವುದಿಲ್ಲ, ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕೋರಿಡೋರಸ್‌ನಂತೆ ತಳ ಕೆದಕಿ ತಿನ್ನುವ ಮೀನುಗಳಿಗೆ ಮಾತ್ರ ನಯವಾದ ಮರಳೇ ಬೇಕು. ಚೂಪು ಜಲ್ಲಿ ಅವುಗಳ ಮೀಸೆಗೆ ಗಾಯ ಮಾಡುತ್ತದೆ. ಮರಳಿನ ಪದರ ತೆಳುವಾಗಿರಲಿ.

ಕಡಲು ನಮಗೆ ಹತ್ತಿರ. ಅಲ್ಲಿಂದ ಮರಳು ತರೋಣ ಎಂದು ಅನ್ನಿಸುವುದು ಸಹಜ. ಬೇಡ. ಅದರಲ್ಲಿ ಉಪ್ಪಿನ ಜೊತೆ ಚಿಪ್ಪಿನ ಚೂರುಗಳಿರುತ್ತವೆ. ಚಿಪ್ಪು ಎಂದರೆ ಸುಣ್ಣ. ಅದು ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ, ಪಿಎಚ್ ಏರಿಸುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಯಾವುದೇ ಮರಳು ಅಥವಾ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ನೊರೆ ಎದ್ದರೆ ಸುಣ್ಣ ಇದೆ ಎಂದರ್ಥ. ಗಡಸು ನೀರು ಇಷ್ಟಪಡುವ ಮೀನುಗಳೂ ಇವೆ, ಅವಕ್ಕೆ ಅದು ಒಳ್ಳೆಯದೇ.

ಗಿಡಗಳೇ ಮುಖ್ಯವಾದರೆ ಎರಡು ದಾರಿ ಇವೆ. ಜಪಾನಿನ ತಕಾಶಿ ಅಮಾನೊ ನೀರೊಳಗೆ ತೋಟ ಕಟ್ಟುವ ಕಲೆಯನ್ನು ಜಗತ್ತಿಗೆ ಪರಿಚಯಿಸಿದರು. ಅದಕ್ಕಾಗಿ ಸುಟ್ಟ ಮಣ್ಣಿನ ಗುಳಿಗೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಬೆಲೆ ಹೆಚ್ಚು. ಅಮೆರಿಕದ ಡಯಾನಾ ವಾಲ್‌ಸ್ಟ್ಯಾಡ್ 1999ರ ತಮ್ಮ ಪುಸ್ತಕದಲ್ಲಿ ಕಡಿಮೆ ಖರ್ಚಿನ ದಾರಿ ತೋರಿಸಿದರು: ಕೆಳಗೆ ಒಂದು ಇಂಚು ಸಾಮಾನ್ಯ ಮಣ್ಣು, ಅದರ ಮೇಲೆ ಜಲ್ಲಿಯ ತೆಳು ಪದರ. ಹಳೆಯ ವಾರಿಂಗ್ಟನ್ ಅವರ ಮರಳು ಮತ್ತು ಕೆಸರು ನೂರೈವತ್ತು ವರ್ಷದ ಮೇಲೆ ಮತ್ತೆ ತೊಟ್ಟಿಗೆ ಬಂದಂತಾಯಿತು. ಮಣ್ಣಿನಲ್ಲಿ ರಾಸಾಯನಿಕ ಗೊಬ್ಬರ ಇರಬಾರದು ಎಂಬುದೊಂದೇ ಎಚ್ಚರಿಕೆ.

ಜಲ್ಲಿ ಅಥವಾ ಮರಳನ್ನು ಮೊದಲ ಸಲ ಮಾತ್ರ ಚೆನ್ನಾಗಿ ತೊಳೆಯಿರಿ. ಆಮೇಲೆ ಪೂರ್ತಿ ತೊಳೆಯಬೇಡಿ. ಕೊಳವೆಯಿಂದ ಕಸವನ್ನು ಹೀರಿ ತೆಗೆಯಿರಿ, ಒಂದು ಸಲಕ್ಕೆ ತಳದ ಒಂದು ಭಾಗ ಸಾಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಕೊನೆಗೆ

ಕಳೆದ ತಿಂಗಳು ನಾವು ಮೂವರು ಆ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆವು. ಅವರು ನಕ್ಕರು. "ಮೀನು ಆಮೇಲೆ ಕೊಡ್ತೇನೆ, ಮೊದಲು ಇದನ್ನು ತಗೊಂಡು ಹೋಗಿ" ಎಂದು ತಮ್ಮ ಹಳೆಯ ತೊಟ್ಟಿಯ ತಳದಿಂದ ಎರಡು ಹಿಡಿ ಜಲ್ಲಿಯನ್ನು, ಲೋಳೆ ಸಮೇತ, ನೀರಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಶ್ಲೋಸಿಂಗ್ ಅವರ ಹೆಸರು ಅವರು ಕೇಳಿರಲಿಕ್ಕಿಲ್ಲ, ಆದರೆ ತಾಜಾ ಮಣ್ಣಿನ ನೀರು ಸುರಿಯುವ ಉಪಾಯ ಅವರಿಗೆ ಗೊತ್ತಿತ್ತು.

ಆ ಜಲ್ಲಿ ಈಗ ಕ್ಯಾಟಿಕಿಸಂ ಕೊಠಡಿಯ ತೊಟ್ಟಿಯಲ್ಲಿದೆ. ಬದುಕುಳಿದ ಆ ಒಂದು ಮೀನು ಸದ್ಯ ನಮ್ಮಲ್ಲೊಬ್ಬರ ಮನೆಯಲ್ಲಿದೆ. ತೊಟ್ಟಿಗೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತೇವೆ, ಮಕ್ಕಳೇ ನೀರು ಪರೀಕ್ಷಿಸಿ ಗೋಡೆಯ ಚಾರ್ಟಿನಲ್ಲಿ ಬರೆಯುತ್ತಾರೆ. "ಮೀನಿಲ್ಲದ ತೊಟ್ಟಿಗೆ ಊಟ ಯಾಕೆ?" ಎಂದು ಅದೇ ಪುಟ್ಟಿ ಕೇಳಿದಳು. ಈ ಸಲ ಸರಿಯಾದ ಉತ್ತರ ಕೊಟ್ಟೆವು, ಕಳೆದ ಸಲ ಹೇಳಿದ್ದು ಸುಳ್ಳು ಎಂದೂ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಈ ಹಬ್ಬಕ್ಕೆ ತೊಳೀಬೇಡಿ" ಎಂದಳು.

ತೊಳೆಯುವುದಿಲ್ಲ. ಈ ಸಲ ಹಬ್ಬಕ್ಕೆ ಗಾಜಿನ ಹೊರಭಾಗ ಒರೆಸುತ್ತೇವೆ, ಅಷ್ಟೇ. ತಳ ಸ್ವಲ್ಪ ಕಂದಾಗಿ ಕಂಡರೆ ದಯವಿಟ್ಟು ಯಾರೂ ದೂರು ಹೇಳಬೇಡಿ.